ಮಗಳ ಪಾಲಿನ ನಡಿಗೆ

ಹೆತ್ತ ಹೆಂಗಸರ ಕೈಗೆಲ್ಲ ದಾದಿಯರು ಮನಬಳೆ ತೊಡಿಸುತ್ತಿದ್ದ ಕಾಲವದು. ತೊಟ್ಟ ಬಾಣಂತಿಯ ಮನಸ್ಸು ಕುಗ್ಗಿದರೆ ಬಳೆ ಕಪ್ಪಾಗುತ್ತಿತ್ತು. ಬಯಲಲ್ಲಿ ನಾಲ್ಕು ಹೆಜ್ಜೆ ನಡೆದರೆ ಮತ್ತೆ ಹಸಿರಾಗುತ್ತಿತ್ತು.

ಸುವರ್ಣಾಳ ಬಳೆ ಮಬ್ಬಾದಾಗ ತಾಯಿ ಗುರುಬಸವ್ವ ಆ ಹಸಿಬಾಣಂತಿಯನ್ನು ಗಾಳಿಗೆ ಬಿಡಲಿಲ್ಲ. ಮಗಳ ಹರಕೆಯನ್ನು ತಾಯಿ ತೀರಿಸಬಹುದಾದರೆ ನಡಿಗೆಯನ್ನೇಕೆ ತೀರಿಸಬಾರದು ಎಂದು, ಬಳೆಯನ್ನು ತಾನೇ ತೊಟ್ಟು ದಿನವೂ ವೀರಭದ್ರನ ಗುಡಿ ಸುತ್ತಿದಳು. ಬಳೆ ಪಚ್ಚೆಯಂತೆ ಹೊಳೆಯಿತು.

ಬಳೆ ನೋಡಲು ದಾದಿ ಬರುವ ದಿನ ಅದನ್ನು ಮಗಳ ಕೈಗೆ ಮರಳಿ ಏರಿಸಿ, "ಹಡದಾಕಿ ನೀ, ನಡದಾಕಿ ನಾ! ನೋಡ, ಹ್ಯಾಂಗ ಹೊಳೀತೈತಿ," ಎಂದು ನಕ್ಕಳು.

ನಗು ಮುಗಿಯುವ ಮೊದಲೇ ಬಳೆ ಇದ್ದಿಲಿನಂತಾಯಿತು. ಗುರುಬಸವ್ವನಿಗೆ ಆಗ ತಿಳಿಯಿತು: ಇಷ್ಟು ದಿನ ಹೊಳೆದದ್ದು ತನ್ನದೇ ಮನಸ್ಸು!

"ಸುವರ್ಣೀ, ಏನಾಗೇತವ್ವ ನಿನಗ?"

"ಕೂಸು ಅತ್ತರ ನನಗೇನೂ ಅನಸೂದಿಲ್ಲವ್ವ. ದಿನಾ ನಿನಗ ಹೇಳಬೇಕಂತಿದ್ದೆ. ನೀ ಗುಡಿಗೆ ಹೋಗಿರ್ತಿದ್ದಿ."

ಗುರುಬಸವ್ವ ಬಾಯಿಗೆ ಸೆರಗೊತ್ತಿಕೊಂಡಳು. ಆಮೇಲೆ ಗಾಳಿ ಹೋಗದಂತೆ ಮಗಳ ಕಿವಿಗೆ ತಾನೇ ಇಟ್ಟಿದ್ದ ಅರಳೆಯನ್ನು ತೆಗೆದು ಕೈ ನೀಡಿದಳು.

"ಏಳು ನನ್ನವ್ವ. ಕೂಸಿನ್ನ ನಾ ಎತಗೋತೀನಿ. ಹೋಗ್ತಾ ಹೋಗ್ತಾ ಎಲ್ಲಾ ಹೇಳು."

ಸುವರ್ಣಾ ಎದ್ದಳು. ನಡೆಯುವುದನ್ನೇ ಮರೆತವಳಂತೆ ಹೊಸ್ತಿಲ ಬಳಿ ನಿಂತು ತಾಯಿಯ ಮುಖ ನೋಡಿದಳು.