ಬೊಟ್ಟು ಬೀಳದ ಪಾಠ

ಸೀಮೆಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ನಮ್ಮೂರು ಸೊಕ್ಕೆಯಲ್ಲಿ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಸೋದರತ್ತೆಯೇ ಮನೆಯಲ್ಲಿ ಕಲಿಸುತ್ತಿದ್ದಳು. ಪ್ರತಿ ಸೋಮವಾರ ಕದದ ಹಿಂಬದಿಗೆ ಸೀಮೆಸುಣ್ಣದಿಂದ ವಾರದ ಪಾಠಗಳನ್ನು ಬರೆಯುತ್ತಿದ್ದಳು. ಮುಗಿದ ಪಾಠದ ಪಕ್ಕ ನನ್ನ ಕೈಯಿಂದ ಅರಿಶಿನದ ಬೊಟ್ಟು ಇಡಿಸುತ್ತಿದ್ದಳು. ಒಂದು ಪಾಠ ಉಳಿದರೂ ಓದು ಬಿಡಿಸುವುದಾಗಿ ಅಜ್ಜ ಹೇಳಿದ್ದರು.

ಆ ಶನಿವಾರ ಮಧ್ಯಾಹ್ನ ಅಜ್ಜ ಕದದ ಹಿಂದಿನ ಆ ಬರಹದ ಮುಂದೆ ನಿಂತರು. ಹದಿಮೂರರ ಮಗ್ಗಿಗೆ ಬೊಟ್ಟು ಬಿದ್ದಿರಲಿಲ್ಲ.

“ಇದ್ಯಾಕೆ ಹಿಂಗೆ ಉಳಿದೈತೆ?”

ಅತ್ತೆ ಸೆರಗು ಹಿಂಡುತ್ತಾ, “ಇವಳಿಗೆ ಜ್ವರ ಬಂದಿತ್ತಪ್ಪ, ಅದಕ್ಕೆ. ಈಗ ಹೇಳ್ತಾಳೆ, ಕೇಳ್ರಿ” ಎಂದಳು.

ನಾನು ಶುರು ಮಾಡಿದೆ. “ಹದಿಮೂರೇಳ್ಲಿ...” ಎಂದು ನಿಂತುಬಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡಳು.

“ತೊಂಬತ್ತೊಂದು,” ಎನ್ನುತ್ತಾ ಅಜ್ಜ ನನ್ನೆದುರು ನೆಲಕ್ಕೆ ಕೂತರು. “ಮುಂದಕ್ಕೆ ಹೇಳವ್ವ.”