ದೇವರ ಜಗುಲಿ ಏರಿದ ಗಿಟಾರು

ಪಂಪಮ್ಮ ವಿಭೂತಿ ಬಟ್ಟಲು ಹಿಡಿದು ಮಗನ ಎಲೆಕ್ಟ್ರಿಕ್ ಗಿಟಾರಿನ ಮುಂದೆ ಕೂತಾಗ ಭರತ್‌ನ ಎದೆ ಧಸಕ್ಕೆಂದಿತು. ಬೈಕಿಗೆ, ಮಿಕ್ಸಿಗೆ, ಸೊಸೆಯ ಹೊಲಿಗೆ ಮಷೀನಿಗೆ ಆಗಲೇ ಮೂರು ಬೆರಳಿನ ಪಟ್ಟೆ ಬಿದ್ದಿತ್ತು. ಆಯುಧಪೂಜೆ ಅಂದರೆ ಆ ಮನೆಯಲ್ಲಿ ಈಳಿಗೆ ಮಣೆಯನ್ನೂ ಬಿಡುವುದಿಲ್ಲ. ಇಷ್ಟು ವರ್ಷ ಬಿಟ್ಟಿದ್ದು ಈ ಗಿಟಾರೊಂದನ್ನೇ.

"ಈ ಸಲ ಇದನ್ನ ಹೊರಗ ಇಡೋದು ಬ್ಯಾಡ," ಅಂದಳು ಪಂಪಮ್ಮ. "ದೇವರ ಜಗುಲಿ ಮ್ಯಾಲ ಇಡ್ತೀನಿ. ನಿಮ್ಮಪ್ಪನ ಮದ್ದಳಿ ಇಡ್ತಿದ್ವಲ್ಲ, ಅಲ್ಲೇ."

ಹಿಂದಿನ ಯಾವ ವರ್ಷ ಈ ಮಾತು ಕೇಳಿದ್ದರೂ ಭರತ್ ಕುಣಿದಾಡುತ್ತಿದ್ದ. ರಾಯದುರ್ಗದ ಬ್ಯಾಂಕಿನಲ್ಲಿ ಹಗಲೆಲ್ಲ ಕೂತು ಬಂದವನಿಗೆ ಸಂಜೆ ಆ ಗಿಟಾರೇ ಪ್ರಾಣ. ಬಳ್ಳಾರಿಯಲ್ಲಿ ಯಾರೋ ಬೇಸತ್ತು ಮಾರಿದ್ದನ್ನು ತಂದು, ಒಂದೊಂದೇ ಬಿಚ್ಚಿ ಬದಲಿಸುತ್ತ ಬಂದಿದ್ದ. ಬಿರಡೆ ಹೊಸದು, ವೈರು ಹೊಸದು, ತಂತಿಯ ದನಿ ಹಿಡಿಯುವ ಪಿಕಪ್ಪೂ ಹೊಸದು. "ಬರೇ ಬಿಚ್ಚೋದೇ ಆತು, ನುಡಿಸೋದು ಯಾವಾಗ್ರೀ?" ಎಂದು ಹೆಂಡತಿ ಶಿವಲೀಲಾ ಕಿಚಾಯಿಸುತ್ತಿದ್ದಳು. ಭಜನೆಯಲ್ಲಿ ಹಾಡಿ ಹಣ್ಣಾದ ಪಂಪಮ್ಮನದು ಬೇರೆಯೇ ತಕರಾರು. "ಎಷ್ಟು ರಿಪೇರಿ ಮಾಡಿದ್ರೂ ಶ್ರುತಿ ನಿಲ್ಲವಲ್ದು. ಹಠ ಮಾಡೋ ಕೂಸು ಅತ್ತಂಗ ಕೇಳತೈತಿ," ಎಂದು ಎದ್ದು ಹೋಗುತ್ತಿದ್ದಳು.

ಹೋದ ವಾರ ಮಾತ್ರ ಎದ್ದು ಹೋಗಲಿಲ್ಲ. ಅಡುಗೆಮನೆಯಲ್ಲಿದ್ದವಳು ಹೊರಗೆ ಬಂದು ನಿಂತು, ಕಣ್ಣು ಮುಚ್ಚಿ ಕೇಳಿ, "ಈಗ ಕೂತೈತಿ ನೋಡು ಶ್ರುತಿ. ಏನು ಹಾಕಿದೆಪ್ಪಾ?" ಅಂದಿದ್ದಳು. "ಒಂದು ಸಣ್ಣ ಸಾಮಾನವ್ವಾ," ಎಂದು ಭರತ್ ಜಾರಿಕೊಂಡಿದ್ದ.

ಆ ಸಣ್ಣ ಸಾಮಾನು ಏನಪ್ಪಾ ಅಂದರೆ ಎಲುಬು. ಗಿಟಾರಿನ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಆರು ಗೀರಿನ ಪುಟ್ಟ ಪಟ್ಟಿಯೊಂದು ಇರುತ್ತದೆ; ಅಗ್ಗದ ಗಿಟಾರಿಗೆ ಪ್ಲಾಸ್ಟಿಕ್ಕಿನದು. ಎಲುಬಿನದು ಹಾಕಿದರೆ ತಂತಿ ಸಿಕ್ಕಿಕೊಳ್ಳುವುದಿಲ್ಲ, ಶ್ರುತಿ ನಿಲ್ಲುತ್ತದೆ ಎಂದು ವಿಡಿಯೊದಲ್ಲಿ ನೋಡಿದ್ದ. ಮೊಟ್ಟೆ ಕೂಡ ಹೊಸಿಲು ದಾಟದ ಮನೆ ಅದು. ತಾಯಿ ಕಣೇಕಲ್ಲಿಗೆ ತಂಗಿಯ ಮನೆಗೆ, ಹೆಂಡತಿ ತವರಿಗೆ ಹೋಗಿದ್ದ ಒಂದು ಭಾನುವಾರ ನೋಡಿಕೊಂಡು ಮಟನ್ ಅಂಗಡಿಯಿಂದ ಒಂದು ತುಂಡು ತಂದ. ಜಿಡ್ಡು ಹೋಗಲೆಂದು ಒಲೆಯ ಮೇಲೆ ಕುದಿಸಿ, ಒಣಗಿಸಿ, ಆಮೇಲೆ ಅರದಿಂದ ಉಜ್ಜಿ ಕೂರಿಸಿದ. ವಾಸನೆ ತಿಳಿಯದಿರಲೆಂದು ಮನೆ ತುಂಬ ಊದಿನಕಡ್ಡಿ ಹಚ್ಚಿದ್ದ. ಊರಿಂದ ಬಂದ ಪಂಪಮ್ಮ ಆ ಹೊಗೆ ನೋಡಿ, ಅಂತೂ ಮಗನಿಗೆ ಭಕ್ತಿ ಹುಟ್ಟಿತು ಎಂದು ಖುಷಿಪಟ್ಟಿದ್ದಳು, ಪಾಪ.

ಈಗ ಹೇಳಿದರೆ ಗಿಟಾರು ಬೀದಿ ಪಾಲು. ಹೇಳದಿದ್ದರೆ ಎಲುಬು ಹೋಗಿ ಅವ್ವ ದಿನಾ ಪೂಜಿಸುವ ಲಿಂಗದ ಪಕ್ಕ ಕೂರುತ್ತದೆ. ಪಂಪಮ್ಮ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಗುಲಿಯ ಕಡೆ ಹೊರಟೇಬಿಟ್ಟಳು. ಭರತ್‌ಗೆ ತಡೆಯಲಾಗಲಿಲ್ಲ.

"ಅವ್ವಾ, ತಡಿ. ಅದರಾಗ ಎಲುಬು ಐತಿ."

"ಯಾತರ ಎಲುಬು?"

"ಕುರೀದು. ಶ್ರುತಿ ನಿಂತಿದ್ದು ಅದರಿಂದನ. ಚೆನ್ನಾಗಿ ಕುದಿಸಿ, ತೊಳೆದು ಹಾಕೀನಿ."

ಅಡುಗೆಮನೆಯಿಂದ ಶಿವಲೀಲಾ ಇಣುಕಿದಳು. ಪಂಪಮ್ಮ ಗಿಟಾರನ್ನು ಬೆಳಕಿಗೆ ತಿರುಗಿಸಿ, ಆ ಬಿಳಿ ಪಟ್ಟಿಯನ್ನು ಹತ್ತಿರದಿಂದ ನೋಡಿದಳು. ಒಂದು ತಂತಿ ಮೀಟಿದಳು. ಭರತ್ ತಲೆ ತಗ್ಗಿಸಿ ಬೈಗುಳಕ್ಕೆ ಕಾಯುತ್ತ ನಿಂತ.

"ನಿಮ್ಮಪ್ಪನ ಮದ್ದಳಿಗೆ ಬಾಳಿ ಎಲಿ ಬಿಗಿದಿದ್ರೇನು?" ಅಂದಳು ಕಡೆಗೆ. "ಅದೂ ಚರ್ಮನ. ಅವರು ಇರೋತನಕ ಇದೇ ಜಗುಲಿ ಮ್ಯಾಲ ಕೂತಿತ್ತು, ದೇವರು ಒಂದಿನಾನೂ ಏನೂ ಅನಲಿಲ್ಲ. ಆದ್ರ ನನ್ನಿಂದ ಮುಚ್ಚಿಟ್ಟಿ ನೋಡು, ಅದು ತಪ್ಪು."

ಅಷ್ಟಂದು ಗಿಟಾರಿಗೂ ಮೂರು ಪಟ್ಟೆ ಎಳೆದು, ಜಗುಲಿಯ ಮೇಲೆ ಗಂಡನ ಫೋಟೊದ ಪಕ್ಕ ನಿಲ್ಲಿಸಿ, ಒಂದು ಚೆಂಡುಹೂವು ಸಿಕ್ಕಿಸಿದಳು. ಭರತ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಂಥ ತಾಯಿ ಎಷ್ಟು ಮಂದಿಗೆ ಸಿಕ್ಕಾಳು ಎಂದು ಉಬ್ಬಿಹೋದ.

ಅದೇ ಖುಷಿಯಲ್ಲಿ ಊಟಕ್ಕೆ ಕೂತರು. ಹೋಳಿಗೆ ಮುಗಿಸಿ ಅನ್ನಕ್ಕೆ ಬಂದ ಪಂಪಮ್ಮ, "ಹೋಳಿಗಿ ಸಾರು ಭಾಳ ಚೊಲೋ ಆಗೈತಿ, ಇನ್ನೊಂದೀಟು ಹಾಕು ಶಿವಲೀಲಾ," ಎಂದು ಎರಡನೆಯ ಸಲ ಹಾಕಿಸಿಕೊಂಡು ಕಲಸಿದಳು. ತುತ್ತು ಇನ್ನೇನು ಬಾಯಿಗೆ ಹೋಗಬೇಕು, ಕೈ ನಡುವೆಯೇ ನಿಂತಿತು.

"ಅಲ್ಲೋ ಭರತಾ, ಎಲುಬು ಕುದಿಸೀನಿ ಅಂದೆಲ್ಲ. ಯಾ ಬೋಗಾಣ್ಯಾಗ?"

ಭರತ್ ಎಲೆಯ ತುದಿಯ ಉಪ್ಪನ್ನೇ ನೋಡುತ್ತ ಕೂತ. ಶಿವಲೀಲಾ ಸೌಟನ್ನು ಮೆಲ್ಲಗೆ ಸಾರಿನ ಬೋಗುಣಿಯೊಳಗೇ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು.