ಲ್ಯಾಪ್‌ಟಾಪಿನ ಮಡಿ

ಹತ್ತೂ ನಲವತ್ತೆರಡಕ್ಕೆ ಸರಿಯಾಗಿ ಮುಹೂರ್ತ ಶುರುವಾಯಿತು. ಗಂಗೂಬಾಯಿಗೆ ಮಾತ್ರ ದನಿಯೇ ಇರಲಿಲ್ಲ. ಧಾರವಾಡದ ಮನೆಯಲ್ಲಿ, ಮುರಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದ ಆಕೆ ಜಾದವ್‌ಪುರದ ಮೂರನೇ ಮಹಡಿಯ ತಮ್ಮನ ಮನೆಯ ಲ್ಯಾಪ್‌ಟಾಪಿನಲ್ಲಿ ಬರೀ ಬಾಯಿ ಆಡಿಸುತ್ತಿದ್ದಳು. ತೊಟ್ಟಿಲಲ್ಲಿದ್ದ ಹನ್ನೆರಡು ದಿನದ ಹೆಣ್ಣು ಕೂಸಿಗೆ ಹೆಸರಿಡಬೇಕಾದವಳು ಆಕೆಯೇ. ಸೋದರತ್ತೆಯ ಹಕ್ಕು ಅದು. ತನಗೆ ಮಕ್ಕಳಿಲ್ಲದ ಗಂಗೂಬಾಯಿ ತಮ್ಮ ಯಶವಂತನ ಮದುವೆಯಾದಂದಿನಿಂದ, ಹನ್ನೊಂದು ವರ್ಷ, ಈ ಒಂದು ಹಕ್ಕಿಗಾಗಿ ಕಾದಿದ್ದಳು. ಹೆಸರೇನೆಂದು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಮೊದಲು ಕೂಸಿನ ಕಿವಿಗೆ ಮೂರು ಸಲ, ಆಮೇಲೆ ಉಳಿದವರಿಗೆ ಎಂದು ಹಟ ಹಿಡಿದಿದ್ದಳು.

ತಪ್ಪು ಯಶವಂತನದೇ. "ಆ ಡಬ್ಬಿ ಮಡೀಲೆ ಅದನೋ ಇಲ್ಲೋ? ಅದರಾಗ ಏನೇನು ಹಾಳುಮೂಳು ನೋಡಿರ್ತೀಯೋ ಏನೋ" ಎಂದು ಅಕ್ಕ ಹಿಂದಿನ ದಿನ ಸುಮ್ಮನೆ ಕೇಳಿದ್ದಳು. ಅವನೋ ಸರ್ಕಾರಿ ಕಚೇರಿಯಲ್ಲಿ ಹದಿನೈದು ವರ್ಷ ಕಡತ ನೋಡಿದ ಪ್ರಾಣಿ, ಕೇಳಿದ್ದಕ್ಕೆಲ್ಲ ಕ್ರಮ ಕೈಗೊಳ್ಳುವುದೇ ಅಭ್ಯಾಸ. ಕೆಳಗಿನ ಕಂಪ್ಯೂಟರ್ ಅಂಗಡಿಯ ಪುಲಕನನ್ನು ಕರೆಸಿ, ಹಳೆಯದು ಒಂದೂ ಉಳಿಯದಂತೆ ಫಾರ್ಮ್ಯಾಟ್ ಮಾಡಿಸಿದ. ಹೊರಗಿನಿಂದ ತಾನೇ ನಾಲ್ಕು ಹನಿ ತುಳಸಿ ನೀರು ಚಿಮುಕಿಸಿದ. ಲ್ಯಾಪ್‌ಟಾಪು ಎಷ್ಟು ಮಡಿಯಾಯಿತೆಂದರೆ ಅದರಲ್ಲಿ ದನಿ ಹೊರಡಿಸುವ ಆಡಿಯೋ ಡ್ರೈವರ್ ಕೂಡ ಉಳಿಯಲಿಲ್ಲ.

ಈಗ ಅದೇ ಪುಲಕ್ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು ಡ್ರೈವರ್ ಹುಡುಕುತ್ತಿದ್ದ. ಮೊದಲು ಸಿಕ್ಕಿದ್ದು ಬೇರೆ ಯಾವುದೋ ಮಾದರಿಯದು. ಅದನ್ನು ಹಾಕಿದೊಡನೆ ಪರದೆ ಅಡ್ಡ ತಿರುಗಿತು, ಗಂಗೂಬಾಯಿ ಕಾಲಿನ ಸಮೇತ ಗೋಡೆಗೆ ಒರಗಿಸಿಟ್ಟ ಹಾಗೆ ಕಂಡಳು. ಎರಡನೆಯದನ್ನು ಹಾಕಿದಾಗ ಮೂಲೆಯಲ್ಲಿದ್ದ ಪ್ರಿಂಟರ್ ಎದ್ದು ಒಂದು ಖಾಲಿ ಹಾಳೆ ಕೊಟ್ಟಿತು. ಪುಲಕ್ ಮಾತ್ರ ಗಾಬರಿಯಾಗಲಿಲ್ಲ. "ಹೋಬೆ, ಹೋಬೆ" ಎಂದು ಬಂಗಾಳಿಯಲ್ಲಿ, ಆಗುತ್ತದೆ ಬಿಡಿ ಎಂಬ ಧೈರ್ಯ ಹೇಳುತ್ತ ಪರದೆಯನ್ನು ನೆಟ್ಟಗೆ ಮಾಡಿ ಮೂರನೆಯದನ್ನು ಇಳಿಸತೊಡಗಿದ. ಗಡಿಯಾರ ಹತ್ತೂ ಐವತ್ತೆಂಟು ತೋರಿಸುತ್ತಿತ್ತು. ಹನ್ನೊಂದೂ ಆರಕ್ಕೆ ಮುಹೂರ್ತ ಮುಗಿಯುತ್ತಿತ್ತು.

ಬಾಣಂತಿ ವರ್ಷಿಣಿಗೆ ರೇಗಿತು. ಇಷ್ಟೆಲ್ಲ ಪಡಿಪಾಟಲು ಯಾಕೆ, ಫೋನಿನಲ್ಲೇ ಹೆಸರು ಹೇಳಿಬಿಡಲಿ ಎಂದಳು. ಯಶವಂತ ಅಕ್ಕನಿಗೆ ಫೋನು ಹಚ್ಚಿ ಅಂಜುತ್ತಲೇ ಅದನ್ನು ಹೇಳಿದ. ಪರದೆಯಲ್ಲಿ ಆಕೆ ಮೊಬೈಲನ್ನು ಕಿವಿಗಿಟ್ಟುಕೊಂಡದ್ದು ಕಾಣಿಸಿತು.

"ಅಪ್ಪ ಹೋದ ಸುದ್ದಿ ಫೋನಿನ್ಯಾಗ ಬಂತು. ಅವ್ವ ಹೋದ ಸುದ್ದಿನೂ ಅದರಾಗ ಬಂತು. ಅದರಾಗ ನಾ ಕೂಸಿಗೆ ಹೆಸರಿಡೂದಿಲ್ಲ, ಯಶವಂತಾ. ನಾ ಅದರ ಮಾರಿ ನೋಡಕೋತ ಹೇಳಬೇಕು" ಎಂದು ಇಟ್ಟುಬಿಟ್ಟಳು.

ಹನ್ನೊಂದೂ ನಾಲ್ಕಕ್ಕೆ ಮೂರನೆಯ ಡ್ರೈವರ್ ಕೂತಿತು. ಪುಲಕ್ ಹಿಗ್ಗಿ, ಹೆಬ್ಬೆರಳೆತ್ತಿ ಪರದೆಗೆ ತೋರಿಸಿದ. ಗಂಗೂಬಾಯಿಗೆ ಅಷ್ಟೇ ಸಾಕಾಯಿತು, ಕೈ ಮುಗಿದು ಮುಂದಕ್ಕೆ ಬಾಗಿದಳು. ಯಶವಂತ ಲ್ಯಾಪ್‌ಟಾಪನ್ನೆತ್ತಿ ಕೂಸಿನ ಕಿವಿಯ ಹತ್ತಿರ ಹಿಡಿದ. ಅದೇ ಹೊತ್ತಿಗೆ ಪುಲಕ್, ಸ್ಪೀಕರನ್ನು ಒಮ್ಮೆ ಪರೀಕ್ಷಿಸಿಬಿಡೋಣವೆಂದು ತಾನೂ ಬಗ್ಗಿ ಒಂದು ಗುಂಡಿ ಒತ್ತಿದ. ಡ್ರೈವರಿನ ಜೊತೆಗೇ ಬಂದಿದ್ದ ಯಾರೋ ಹೆಂಗಸು ಲ್ಯಾಪ್‌ಟಾಪಿನೊಳಗಿಂದ ಗಂಭೀರವಾಗಿ ಹೇಳಿದಳು: "ಫ್ರಂಟ್ ಲೆಫ್ಟ್."

ಮುಂದಿನದಕ್ಕೆ ವರ್ಷಿಣಿಯೂ ಸ್ವಲ್ಪ ಹೊಣೆ. ನಮ್ಮ ಕಡೆ ಅತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದಬೇಕು ಎಂದು ಆಕೆ ಅಕ್ಕಪಕ್ಕದ ಮನೆಯ ಬೌದಿಯರಿಗೆ, ಅಂದರೆ ಬಂಗಾಳಿ ಅತ್ತಿಗೆಯರಿಗೆ, ಮೊದಲೇ ಕಲಿಸಿಟ್ಟಿದ್ದಳು. ನಾಲ್ವರು ಬೌದಿಯರು ಒಂದು ಗಂಟೆಯಿಂದ ಅದಕ್ಕಾಗಿಯೇ ತುದಿಗಾಲಲ್ಲಿ ನಿಂತಿದ್ದರು. ಕೂಸಿನ ಕಿವಿಯ ಹತ್ತಿರ ಹೆಂಗಸಿನ ದನಿ ಕೇಳಿತು, ಬಗ್ಗಿದ ಬೆನ್ನೊಂದು ಕಂಡಿತು. ನಾಲಗೆ ಹೊರಳಿಸಿ ಮಂಗಳದ ಉಲು ದನಿ ಎಬ್ಬಿಸಿ ನಾಲ್ವರೂ ಪುಲಕನ ಬೆನ್ನಿಗೆ ಧಬಧಬ ಗುದ್ದಿದರು. ಆ ಗುದ್ದಿಗೆ ಅವನ ಬೆರಳು ಮತ್ತೆರಡು ಸಲ ಗುಂಡಿಯ ಮೇಲೆ ಬಿತ್ತು. ಒಟ್ಟು ಮೂರು ಸಲ ಕೂಸು ಆ ಮಾತನ್ನೇ ಕೇಳಿತು. ಪರದೆಯಲ್ಲಿ ಗಂಗೂಬಾಯಿಯ ತುಟಿಗಳೂ ಮೂರು ಸಲ ಆಡಿದ್ದವು. ಆ ಪರೀಕ್ಷೆ ತೆರೆದಿದ್ದಷ್ಟು ಹೊತ್ತೂ ಆಕೆಯ ದನಿಗೆ ದಾರಿಯಿರಲಿಲ್ಲ, ಯಾರಿಗೂ ಏನೂ ಕೇಳಿಸಲಿಲ್ಲ.

ಹನ್ನೊಂದೂ ಏಳಕ್ಕೆ ಉಲು ದನಿ ನಿಂತಿತು, ಪುಲಕ್ ಬೆನ್ನು ನೀವಿಕೊಳ್ಳುತ್ತ ಪರೀಕ್ಷೆ ಮುಚ್ಚಿದ. ಗಂಗೂಬಾಯಿಯ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಬಂತು.

"ನಿಮ್ಮ ಗದ್ದಲಾ ಎಲ್ಲಾ ಕೇಳಸ್ತು. ಎಷ್ಟ್ ಛಲೋ ಗುದ್ದಿದರವ್ವಾ, ನನ್ನ ಬೆನ್ನಿಗೇ ಬಿದ್ದ್ಹಂಗ ಆತು. ಹೆಂಗದ ಹೆಸರು?"

ವರ್ಷಿಣಿ ಗಂಡನ ಮುಖ ನೋಡಿದಳು. ಯಶವಂತ ಅಕ್ಕನ ಮುಖ ನೋಡಿದ. ಹನ್ನೊಂದು ವರ್ಷದಲ್ಲಿ ಆ ಮುಖ ಇಷ್ಟು ಅರಳಿದ್ದನ್ನು ಅವನು ಕಂಡಿರಲಿಲ್ಲ. ಮುಹೂರ್ತ ಬೇರೆ ಹೋಗಿತ್ತು.

"ಭಾಳ ಛಲೋ ಅದ, ಅಕ್ಕಾ" ಎಂದ.

"ಹಂಗಾರ ನೀ ಒಮ್ಮೆ ಕರಿ. ಕೂಸಿನ ಅಪ್ಪನ ಬಾಯಾಗ ಕೇಳಬೇಕು ನಂಗ."

ಯಶವಂತ ತೊಟ್ಟಿಲಿನ ಮೇಲೆ ಬಗ್ಗಿದ. ದನಿ ಹೊರಡಿಸದೆ, ಸುಮ್ಮನೆ ತುಟಿಗಳನ್ನಷ್ಟೇ ಆಡಿಸಿದ. ಕೇಳಿದರೆ ಡ್ರೈವರ್ ಮತ್ತೆ ಕೆಟ್ಟಿತು ಎಂದು ಹೇಳಲು ಮನಸ್ಸಿನಲ್ಲೇ ಸಿದ್ಧನಾಗಿದ್ದ. ಪರದೆಯ ಆ ಕಡೆ ಗಂಗೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಥೇಟ್ ನಮ್ಮ ಅವ್ವನ್ನ ಹೆಸರ ಹಿಡದು ಕರದ್ಹಂಗ ಆತಲ್ಲೋ" ಎಂದಳು. "ಇನ್ನೊಮ್ಮೆ ಕರಿ. ಈ ಸಲ ಸ್ವಲ್ಪ ಜೋರಲೆ."